ಈಶ್ವರಮ್ಮ ಹೇಳಿದ್ದು, ಕಚೇರಿಯವರು ಬರೆದುಕೊಂಡದ್ದು

ತುಮಕೂರು ರಸ್ತೆಯ ಮೇಲ್ಸೇತುವೆ ಮುಗಿದ ಮರುವರ್ಷ, ಆಷಾಢದ ಒಂದು ಬೆಳಿಗ್ಗೆ, ಹುಣಸೆಕಟ್ಟೆಪಾಳ್ಯದ ಈಶ್ವರಮ್ಮ ಸರ್ಕಾರದ ಮನುಷ್ಯನೊಬ್ಬನಿಗೆ ಮಜ್ಜಿಗೆ ಕೊಟ್ಟು, ಊರಿನ ದಿಣ್ಣೆಯನ್ನೆಲ್ಲ ಸುತ್ತಿಸಿ ತೋರಿಸಿ, ಕೇಳಿದ್ದಕ್ಕೆಲ್ಲ ನಿಜ ಹೇಳಿ, ಅವನು ಚಾಚಿದ ಕಾಗದಕ್ಕೆ ರುಜು ಹಾಕಿ ಕಳಿಸಿದಳು. ಅವಳು ಮಾಡಿದ ತಪ್ಪು ಇಷ್ಟೇ. ಇದಕ್ಕೆ ಅವಳು ಪಟ್ಟ ಪಾಡು, ಕೇಳಿದ ಮಾತು, ಹತ್ತಿಳಿದ ಮೆಟ್ಟಿಲು, ಯಾವ ಕಳ್ಳನೂ ಪಟ್ಟಿರಲಾರ.

ಪಾಳ್ಯ ಅಂದರೆ ಮಾಕಳಿಯಿಂದ ಒಳಕ್ಕೆ, ಮಾದನಾಯಕನಹಳ್ಳಿಯ ಗೋಡೌನುಗಳ ಬೆನ್ನಿಗೆ ಅಂಟಿಕೊಂಡ ಊರು. ಎಪ್ಪತ್ತು ಮನೆ. ಹಳಬರು ದನ ಸಾಕುತ್ತಾರೆ, ಬಾಡಿಗೆಗೆ ಬಂದವರು ಪೀಣ್ಯದ ಕಾರ್ಖಾನೆಗಳಿಗೆ ಹೋಗುತ್ತಾರೆ. ಊರಿಗೆ ಮೂವತ್ತೆಂಟು ಎಕರೆ ಗೋಮಾಳ. ಅದು ಸರ್ಕಾರದ ಜಮೀನೇ, ದನ ಮೇಯಲಿ ಅಂತ ಹಿಂದಿನವರು ಬಿಟ್ಟದ್ದು. ಒಂದು ಕಡೆ ಕೆರೆಯಂಗಳದ ತಗ್ಗು, ಒಂದು ಕಡೆ ಕಲ್ಲು ತೆಗೆದು ಬಿಟ್ಟ ಹಳ್ಳ ಮತ್ತು ಬಂಡೆ, ರಸ್ತೆ ಕಡೆಗೆ ಯಾರ್ಯಾರೋ ತಂದು ಸುರಿದ ಮನೆ ಕೆಡವಿದ ಮಣ್ಣು, ನಡುವೆ ಹದಿನಾಲ್ಕು ಎಕರೆ ದಿಣ್ಣೆ. ಆ ದಿಣ್ಣೆಯ ಹುಲ್ಲೇ ಊರಿನ ಜೀವ.

ದಿಣ್ಣೆಗೊಂದು ಕಟ್ಟಳೆ ಇತ್ತು. ಆಷಾಢದ ಮೊದಲ ಸೋಮವಾರ ‘ಹುಲ್ಲು ಕಟ್ಟುವುದು’ ಅಂತ. ಹಾಗಂದರೆ ದಿಣ್ಣೆಯ ಸುತ್ತ ಇರುವ ಒಂಬತ್ತು ಕಲ್ಲಿಗೆ ಸುಣ್ಣ ಬಳಿಯುತ್ತಾರೆ. ಅವತ್ತಿನಿಂದ ದೀಪಾವಳಿವರೆಗೆ ಆ ಕಲ್ಲುಗಳ ಒಳಕ್ಕೆ ಒಂದು ದನ, ಒಂದು ಕುರಿ, ಒಂದು ಕುಡುಗೋಲು ಹೋಗುವಂತಿಲ್ಲ. ಹುಲ್ಲು ಬೆಳೆದು, ತೆನೆ ಕಟ್ಟಿ, ಬೀಜ ಉದುರಬೇಕು. ಗೌಜಲಕ್ಕಿ ಮರಿ ಮಾಡಿ ಅವು ಓಡುವಂತಾಗಬೇಕು. ಕಾಡುಮೊಲ, ನವಿಲು ಎಲ್ಲಕ್ಕೂ ಅದೇ ಮರೆ. ದೀಪಾವಳಿ ದಿನ ದನಗಳ ಮೈ ತೊಳೆದು ಎಲ್ಲರೂ ಒಟ್ಟಿಗೆ ಬಿಡುತ್ತಾರೆ. ಅಲ್ಲಿಂದ ಮುಂದಿನ ಆಷಾಢದವರೆಗೆ ದಿಣ್ಣೆ ದನಗಳದ್ದು. ಕಟ್ಟು ಮುರಿದವರಿಗೆ ದಂಡ ಗಿಂಡ ಇಲ್ಲ. ಆ ಮನೆಯ ದನ ಹಬ್ಬದ ದಿನ ಎಲ್ಲರ ದನ ಹೋದ ಮೇಲೆ ಕೊನೆಗೆ ಹೋಗಬೇಕು, ಊರೆಲ್ಲ ನೋಡುತ್ತಿರುವಾಗ. ಅದಕ್ಕಿಂತ ಹೆಚ್ಚಿನ ದಂಡ ಯಾರಿಗೂ ಬೇಕಾಗಿರಲಿಲ್ಲ.

ಕಾಯುವ ಸರದಿ ವರ್ಷಕ್ಕೊಂದು ಮನೆಯದ್ದು. ಆ ವರ್ಷ ಈಶ್ವರಮ್ಮನ ಮನೆಯ ಸರದಿ. ಗಂಡ ಸಿದ್ದರಾಮಪ್ಪನಿಗೆ ಸೊಂಟ ಹಿಡಿದು ಜಗಲಿ ಬಿಟ್ಟು ಏಳುತ್ತಿರಲಿಲ್ಲ, ಆದ್ದರಿಂದ ಇವಳೇ ಕೈಯಲ್ಲಿ ಕೋಲು ಹಿಡಿದು ಕೂತಳು. ಐವತ್ತೆಂಟು ವರ್ಷ, ಮೂರು ಹಸು, ಡೈರಿಗೆ ಎರಡು ಹೊತ್ತು ಹಾಲು. ನಡುವೆ ಇಡೀ ದಿನ ದಿಣ್ಣೆಯ ಮೇಲೆ. ಭಾನುವಾರ ಪಟ್ಟಣದಿಂದ ಹುಡುಗರು ಬೈಕು ತಂದು ದಿಣ್ಣೆಯ ಮೇಲೆ ಹಾರಿಸುತ್ತಿದ್ದರು. ಅವರನ್ನು ಓಡಿಸಿ ಓಡಿಸಿ ಅವಳ ಗಂಟಲು ಹರಿದಿತ್ತು. “ಇದೇನು ನಿಮ್ಮಪ್ಪಂದಾ ಆಂಟಿ?” ಅಂದಿದ್ದ ಒಬ್ಬ. “ಅಲ್ಲಪ್ಪ, ನಮ್ಮ ಹಸೀಂದು. ನಿಮ್ಮಪ್ಪ ಉಲ್ಲು ತಿಂತಾನಾ? ಕರ್ಕೊಂಡ್ ಬಾ, ದೀಪಾವಳಿಗೆ ಬಿಡ್ತೀನಿ” ಅಂದಿದ್ದಳು. ಅವನ ಜೊತೆಯವರೇ ನಕ್ಕು ಅವನನ್ನು ಎಳೆದುಕೊಂಡು ಹೋಗಿದ್ದರು.

ಇಂಥವಳ ಹತ್ತಿರ ಬಂದವನು ಕೊಟ್ರೇಶ್, ಕಂದಾಯ ಇಲಾಖೆಯ ಇನ್ಸ್‌ಪೆಕ್ಟರ್. ಬಳ್ಳಾರಿ ಸೀಮೆಯವನು, ಮಾತು ಮೃದು, ಕೈಯಲ್ಲಿ ಫೈಲು, ಜೊತೆಗೆ ಟೇಪು ಹಿಡಿಯುವ ಒಬ್ಬ ಆಳು.

“ಏನಿಲ್ಲಮ್ಮ, ಗೋಮಾಳ ಅಳೀತಾ ಇದೀವಿ. ಯಾರೂ ಒತ್ತುವರಿ ಮಾಡಬಾರದು ನೋಡ್ರಿ, ಅದಕ್ಕ” ಅಂದ.

ಈಶ್ವರಮ್ಮನಿಗೆ ಸಂತೋಷವೇ ಆಯಿತು. ಕೊನೆಗೂ ಯಾರೋ ಬಂದರಲ್ಲ ಅಂದುಕೊಂಡಳು.

“ಇಲ್ಲಿ ದನ ಮೇಯ್ತಾವೇನಮ್ಮ ಈಗ?”

“ಒಂದು ಗೊರಸು ಬಿದ್ದಿಲ್ಲ ಸಾಮಿ! ಕಲ್ಲು ದಾಟಿ ಒಂದು ಗೊರಸು ಬಿದ್ದಿದ್ರೆ ನನ್ನ ಕೇಳಿ. ಬೇಕಾದ್ರೆ ಉಡುಕಿ, ಒಂದ್ ಇಡಿ ಸಗಣಿ ಸಿಕ್ರೆ ಈ ಕೋಲು ನಿಮ್ ಕೈಗೆ ಕೊಟ್ಬುಡ್ತೀನಿ. ನಾವು ಉಲ್ಲು ಕಟ್ಟಿದ್ದೀವಿ. ದೀಪಾವಳಿಗೆ ಬಿಡೋದು.”

“ಎಲ್ಲಿಂದ ಎಲ್ಲಿಗೆ?”

ಅವಳು ಮುಂದೆ ನಡೆದಳು. ಒಂಬತ್ತು ಸುಣ್ಣದ ಕಲ್ಲನ್ನೂ ಒಂದೊಂದಾಗಿ ಮುಟ್ಟಿ ತೋರಿಸಿದಳು. ಆಳು ಟೇಪು ಹಿಡಿದ, ಕೊಟ್ರೇಶ ಬರೆದುಕೊಂಡ. ಒಂದು ಕಡೆ ಗೌಜಲಕ್ಕಿ ಪುರ್ರನೆ ಎದ್ದಾಗ ಅವರಿಬ್ಬರನ್ನೂ ತಡೆದು, ಮೊಟ್ಟೆ ಇದ್ದಾವು ಸುತ್ತಿ ಬನ್ನಿ ಅಂದಳು. ಬಿಸಿಲಿಗೆ ಬಳಲಿದ್ದಾರೆ ಅಂತ ತನ್ನ ಮಧ್ಯಾಹ್ನದ ಮಜ್ಜಿಗೆಯನ್ನು ಇಬ್ಬರಿಗೂ ಬಗ್ಗಿಸಿದಳು. ಕೊನೆಗೆ ಅವನು “ಹೆಬ್ಬೆಟ್ಟೇನಮ್ಮ?” ಅಂತ ಶಾಯಿ ಡಬ್ಬಿ ತೆಗೆದಾಗ, “ಊಂ, ಎಬ್ಬೆಟ್ಟು! ನಾಲ್ಕು ಚಳಿಗಾಲ ಅಕ್ಷರದ ಕ್ಲಾಸಿಗೆ ಓಗಿದ್ದೀನಪ್ಪ” ಅಂತ ಪೆನ್ನು ಕಿತ್ತುಕೊಂಡು, ನಾಲಿಗೆ ಕಚ್ಚಿ, ಒತ್ತಕ್ಷರ ಎರಡನ್ನೂ ಬಿಡದೆ ಹೆಸರು ಬರೆದಳು.

ಏನು ಬರೆದಿದೆ ಓದು ಅಂತ ಅವಳು ಕೇಳಲಿಲ್ಲ. ಮಜ್ಜಿಗೆ ಕುಡಿದವನನ್ನು ಹಾಗೆ ಕೇಳುವುದು ಹೇಗೆ?

ಆ ವರ್ಷದ ದೀಪಾವಳಿಗೆ ಇವಳ ಕಪ್ಪು ಹಸುವೇ ಮೊದಲು ದಿಣ್ಣೆ ಹತ್ತಿತು. ಕಾದ ಮನೆಗೆ ಆ ಮರ್ಯಾದೆ. ಹುಲ್ಲು ಮಂಡಿಯುದ್ದ ಇತ್ತು. ಊರಿನ ಹಿರಿಯ ಮುನಿಯಣ್ಣ, ವರ್ಷವರ್ಷ ಕಲ್ಲಿಗೆ ಸುಣ್ಣ ಬಳಿಯುವವನು, “ಈಸು ಚೆಂದಾಗಿ ಯಾವತ್ತೂ ಬಂದಿರ್ಲಿಲ್ಲ ಕಣವ್ವ” ಅಂದಿದ್ದ.

ಶಿವರಾತ್ರಿ ಕಳೆದ ವಾರಕ್ಕೆ ಜೆಸಿಬಿ ಬಂತು.

ದಿಣ್ಣೆಯ ಮೇಲೆ ಮೂರು ಗುಂಡಿ ತೆಗೆದು, ಒಂಬತ್ತು ಕಲ್ಲಿನ ಪಕ್ಕದಲ್ಲೇ ಒಂಬತ್ತು ಕಬ್ಬಿಣದ ಗೂಟ ಹೊಡೆದು, ಒಂದು ಬೋರ್ಡು ನಿಲ್ಲಿಸಿ ಹೋದರು. ಉದಯಜ್ಯೋತಿ ಪವರ್ ಕಂಪನಿ, ವಿದ್ಯುತ್ ಸಬ್‌ಸ್ಟೇಷನ್‌ಗೆ ಕಾದಿರಿಸಿದ ಜಾಗ ಅಂತ. ಸುತ್ತಲಿನ ಗೋಡೌನು, ಕಾರ್ಖಾನೆಗಳಿಗೆ ಕರೆಂಟು ಸಾಲದಂತೆ. ಪಂಚಾಯ್ತಿ ಗೋಡೆಗೆ ತಕರಾರಿದ್ದರೆ ಹೇಳಿ ಅಂತ ನೋಟೀಸು ಅಂಟಿಸಿ ಎರಡು ತಿಂಗಳಾಗಿತ್ತು. ಅದರ ಮೇಲೆ ಯಾರೋ ಪೋಲಿಯೋ ಹನಿಯ ಪೋಸ್ಟರ್ ಅಂಟಿಸಿದ್ದರು.

ಮುನಿಯಣ್ಣ, ಈಶ್ವರಮ್ಮ, ಇನ್ನೊಂದು ಹತ್ತು ಜನ ತಾಲ್ಲೂಕು ಕಚೇರಿಗೆ ಹೋದರು. ಕಚೇರಿ ಮುಂದೆ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವ ಮುರಿಗೆಪ್ಪ ಅಂತ ಇದ್ದ. ಅವನೇ ಒಳಗೆ ಹೋಗಿ ಕೊಟ್ರೇಶ ಅವತ್ತು ಬರೆದ ಮಹಜರಿನ ನಕಲು ತೆಗೆಸಿ ತಂದು ಓದಿದ.

“ಸ್ಥಳದಲ್ಲಿ ಜಾನುವಾರು ಮೇಯುತ್ತಿವೆಯೇ? ಇಲ್ಲ. ಯಾವುದೇ ಜಾನುವಾರು ಬರುವುದಿಲ್ಲವೆಂದು ಗ್ರಾಮಸ್ಥರೇ ತಿಳಿಸಿರುತ್ತಾರೆ. ಸಗಣಿ ಮುಂತಾದ ಗುರುತುಗಳು ಇಲ್ಲ. ಖಾಲಿ ಜಾಗದ ಗಡಿಯನ್ನು ಗ್ರಾಮಸ್ಥರೇ ಸುಣ್ಣದ ಕಲ್ಲುಗಳಿಂದ ಗುರುತಿಸಿರುತ್ತಾರೆ. ವಿಸ್ತೀರ್ಣ ಹದಿನಾಲ್ಕು ಎಕರೆ ಮೂರು ಗುಂಟೆ. ರುಜು, ಈಶ್ವರಮ್ಮ.”

ಮುರಿಗೆಪ್ಪ ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದ. ಹತ್ತು ಜನವೂ ಈಶ್ವರಮ್ಮನ ಕಡೆ ತಿರುಗಿದರು.

“ದೀಪಾವಳಿ ಎಲ್ಲಿ?” ಅಂದಳು ಅವಳು. “ದೀಪಾವಳಿಗೆ ಬಿಡ್ತೀವಿ ಅಂತ ಏಳಿದ್ನಲ್ಲ. ಅದೆಲ್ಲಿ ಓಯ್ತು? ಇನ್ನೊಂದ್ಸಲ ಓದಪ್ಪ.”

ಇನ್ನೊಂದು ಸಲ ಓದಿದ. ದೀಪಾವಳಿ ಎಲ್ಲೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಮುನಿಯಣ್ಣ ಇಳಿಯುವಾಗ ಒಂದೇ ಮಾತು ಅಂದ: “ನಮ್ಮಪ್ಪನ ಕಾಲದಿಂದ ಆ ಕಲ್ಲಿಗೆ ಸುಣ್ಣ ಬಳ್ದಿದ್ದು ಇದುಕ್ಕೇನವ್ವಾ?” ಮಾರನೆಯ ದಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತ ಹೆಂಗಸರು, “ರುಜು ಈಶ್ವರಮ್ಮ ಬಂದ್ಳು, ದಾರಿ ಬಿಡ್ರಮ್ಮೋ, ದಾರೀನೂ ಬರ್ಕೊಟ್ಬುಟ್ಟಾಳು” ಅಂದು ನಕ್ಕರು. ಅದೇ ಹೆಸರಾಯಿತು. ಮಕ್ಕಳೂ ಹಾಗೇ ಕರೆಯತೊಡಗಿದವು. ದಿಣ್ಣೆ ಹೋಗುತ್ತದೆ ಅನ್ನುವ ಸಂಕಟ ಒಂದು ಕಡೆ, ಅದು ತನ್ನ ಬಾಯಿಂದ ಹೋಯಿತು ಅನ್ನುವುದು ಇನ್ನೊಂದು ಕಡೆ. ಸಿದ್ದರಾಮಪ್ಪ ಜಗಲಿಯಿಂದ, “ಎಬ್ಬೆಟ್ಟು ಒತ್ತಿದ್ರೆ ಓದಕ್ ಬರಾಕಿಲ್ಲ ಅಂತಾನಾದ್ರೂ ಏಳ್ಬೋದಾಗಿತ್ತು” ಅಂದ. ಅವಳು ಅನ್ನದ ತಟ್ಟೆಯನ್ನು ಸದ್ದು ಮಾಡಿ ಅವನ ಮುಂದಿಟ್ಟು ಹೋದಳು.

ಕೊಟ್ರೇಶನನ್ನು ಹುಡುಕಿಕೊಂಡು ಮೂರು ಸಲ ಹೋದ ಮೇಲೆ ಅವನು ಸಿಕ್ಕ. ಗುರುತು ಹಿಡಿದ. ಕುರ್ಚಿಯನ್ನೂ ಕೊಟ್ಟ.

“ನೀವು ಹೇಳಿದ್ದನ್ನ ಬರದೀನಮ್ಮ. ಸುಳ್ಳು ಒಂದಕ್ಷರ ಬರದಿಲ್ಲ.”

“ಅರ್ಧ ಬರ್ದಿದ್ದೀಯಲ್ಲಪ್ಪ!”

“ಅದು ನಮೂನೆ ಇರತೈತಮ್ಮ. ದನ ಐತೋ ಇಲ್ಲೋ ಅಂತ ಒಂದು ಕಾಲಂ. ನೀವು ಹೇಳಿದ ಹಬ್ಬ ಹುಣ್ಣಿಮೆ ಎಲ್ಲಾ ಬರಿಯೋಕೆ ಅದರಾಗ ಜಾಗ ಎಲ್ಲಿರತೈತಿ?”

ಹದಿನಾಲ್ಕು ಎಕರೆ ನುಂಗುವ ಕಾಗದದಲ್ಲಿ ಒಂದು ಹಬ್ಬದ ಹೆಸರು ಬರೆಯಲು ಜಾಗ ಇರಲಿಲ್ಲವಂತೆ! ಈಶ್ವರಮ್ಮ ಕುರ್ಚಿಯಿಂದ ಎದ್ದಳು. “ಮಜ್ಜಿಗೆ ಕುಡಿಯಾಕೆ ನಿನ್ನ ಒಟ್ಟೇಲಿ ಜಾಗ ಇತ್ತಲ್ಲ” ಅಂದು ಹೊರಗೆ ಬಂದಳು. ಬಂದಮೇಲೆ, ಹಾಗನ್ನಬಾರದಿತ್ತು, ಕೊಟ್ಟದ್ದನ್ನು ಎತ್ತಿ ಆಡಬಾರದು ಅಂತ ಅವಳಿಗೇ ಬೇಜಾರಾಯಿತು. ಅದಕ್ಕೂ ಸೇರಿಸಿ ಕೋಪ ಬಂತು.

ಇಷ್ಟರ ನಡುವೆ ಇನ್ನೊಂದು ಅರ್ಜಿ ಇರುವುದು ತಿಳಿಯಿತು. ದಿಣ್ಣೆಯ ಆಚೆ ಎರಡು ವರ್ಷದ ಹಿಂದೆ ಎದ್ದ ಅಪಾರ್ಟ್‌ಮೆಂಟಿನವರದ್ದು. ಅವರಿಗೆ ಸಬ್‌ಸ್ಟೇಷನ್ ಬೇಡ, ಪಾರ್ಕು ಬೇಕು. ಸುತ್ತ ಬೇಲಿ, ಒಳಗೆ ವಾಕಿಂಗ್ ಹಾದಿ, ಹಕ್ಕಿಗಳಿಗೆ ರಕ್ಷಣೆ, ದನಗಳಿಗೆ ಪ್ರವೇಶವಿಲ್ಲ. ಅದರ ಜೊತೆ ಫೋಟೋಗಳನ್ನೂ ಇಟ್ಟಿದ್ದರು. ಮಂಡಿಯುದ್ದದ ಹುಲ್ಲು, ಅದರಲ್ಲಿ ಗೌಜಲಕ್ಕಿ, ಮೊಲ. ‘ದನ ಮೇಯದ ಕಾರಣ ಉಳಿದಿರುವ ಅಪರೂಪದ ಹುಲ್ಲುಗಾವಲು’ ಅಂತ ಕೆಳಗೆ ಬರೆದಿದ್ದರು. ನಾಲ್ಕು ತಿಂಗಳು ಕೋಲು ಹಿಡಿದು ಕಾದವಳ ದಿಣ್ಣೆಯನ್ನು, ಅವಳ ದನಗಳನ್ನೇ ಹೊರಗಟ್ಟಲು ಸಾಕ್ಷಿ ಮಾಡಿದ್ದರು.

ಆ ಫೋಟೋ ತೆಗೆದವಳು ಸೌಮ್ಯಾ. ದಾವಣಗೆರೆಯ ಕಡೆಯವಳು, ಮನೆಯಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕಪರಿಶೋಧನೆ ಮಾಡುತ್ತಿದ್ದವಳು, ಬೆಳಿಗ್ಗೆ ದೊಡ್ಡ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಓಡಾಡುವವಳು. ಚೈತ್ರದಲ್ಲಿ ಒಂದು ದಿನ ದಿಣ್ಣೆಯ ಮೇಲೆ ದನಗಳ ನಡುವೆ ಈಶ್ವರಮ್ಮನನ್ನು ಕಂಡು ಅವಳೇ ಹತ್ತಿರ ಬಂದಳು.

“ಅಮ್ಮಾ, ಬೇಜಾರು ಮಾಡ್ಕೋಬೇಡ್ರಿ. ದನ ಇಲ್ಲಿ ಬಿಟ್ರ ಹಕ್ಕಿ ಮೊಟ್ಟೆ ತುಳೀತಾವಲ್ರಿ?”

“ಯಾವ ತಿಂಗಳಲ್ಲವ್ವಾ ಫೋಟೋ ಇಡ್ದಿದ್ದು ನೀನು?”

“ಸೆಪ್ಟೆಂಬರ್.”

“ಆಗ ಇಲ್ಲಿ ದನ ಕಂಡ್ಯಾ?”

“ಇಲ್ಲ.”

“ಯಾಕೆ ಇರ್ಲಿಲ್ಲ? ದನಕ್ಕೆ ಆಗ ಅಸಿವಾಯ್ತಿರ್ಲಿಲ್ವಾ? ನಿಮ್ಮ ಅಕ್ಕಿಪಕ್ಕಿ ಮೇಲಿನ ಪಿರುತಿಗೆ ಅವೇ ಮೀಟಿಂಗ್ ಮಾಡಿ ಓಗಿದ್ವಾ?”

ಈಶ್ವರಮ್ಮ ಅವಳ ಮುಂಗೈ ಹಿಡಿದು ದಿಣ್ಣೆಯ ಮೂಡಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಬೇಲಿ ಹಾಕಿದ ತುಂಡು ನೆಲವಿತ್ತು. ಹತ್ತು ವರ್ಷದ ಹಿಂದೆ ಯಾವುದೋ ಯೋಜನೆಯಲ್ಲಿ ದನ ಬಿಡಬೇಡಿ ಅಂತ ಮುಚ್ಚಿ ಸಸಿ ನೆಟ್ಟದ್ದು. ಸಸಿ ಒಣಗಿತ್ತು, ಲಂಟಾನ ಬೆಳೆದಿತ್ತು, ಅದರೊಳಗೆ ಬಾಟಲಿ. “ಇಲ್ಲಿ ಇಡಿ ನೋಡಾನ ಗೌಜಲಕ್ಕಿ. ಇಲ್ಲಿ ದನ ಬರಾಕಿಲ್ಲ. ಅಂಗಂತ ಅಕ್ಕಿ ಬಂತಾ? ತಿನ್ನೋರು ತಿನ್ನಬೇಕು, ಬಿಡೋ ಕಾಲಕ್ಕೆ ಬಿಡ್ಬೇಕು. ಆಗ ಉಲ್ಲು ಉಲ್ಲಾಗಿರ್ತದೆ.”

“ನನಗ ಗೊತ್ತಿರಲಿಲ್ರಿ” ಅಂದಳು ಸೌಮ್ಯಾ.

“ಗೊತ್ತಿಲ್ದೆ ಅರ್ಜಿ ಬರೆದ್ಯಲ್ಲ ತಾಯಿ. ಕೇಳಾಕೆ ನಾನು ಇಲ್ಲೇ ಇದ್ನಲ್ಲ, ದಿನಾ ನಿನ್ನ ಮುಂದೇ.”

ಸೌಮ್ಯಾಳ ಮುಖ ಕೆಂಪಾಯಿತು. ಆದರೆ ಕೆಟ್ಟವಳಲ್ಲ. ಮನೆಗೆ ಹೋಗಿ ನಾಲ್ಕು ವರ್ಷದ ಫೋಟೋಗಳನ್ನೆಲ್ಲ ತಿರುವಿ ನೋಡಿದಳಂತೆ. ದಾವಣಗೆರೆಯಿಂದ ಬಂದು ಪೀಣ್ಯದ ಹತ್ತಿರ ಬಾಡಿಗೆಗಿದ್ದಾಗಲೇ ಅವಳು ಇಲ್ಲಿಗೆ ಬರಲು ಶುರುಮಾಡಿದ್ದಳು. ಶ್ರಾವಣ ಭಾದ್ರಪದದ ಒಂದು ಫೋಟೋದಲ್ಲೂ ದನವಿಲ್ಲ, ಕಾರ್ತಿಕದಿಂದಾಚೆ ದನವಿಲ್ಲದ ಫೋಟೋ ಇಲ್ಲ. ಪ್ರತಿ ಫೋಟೋಕ್ಕೂ ತಾರೀಖು. ತಂದುಕೊಟ್ಟಳು. ಅವಳ ಸಂಘದ ಅಧ್ಯಕ್ಷ, ನೀನು ಯಾರ ಪರ ಅಂತ ಕೇಳಿದನಂತೆ. ಅದು ಬೇರೆ ಜಗಳ.

ವೈಶಾಖದಲ್ಲಿ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ಇಟ್ಟರು. ದೊಡ್ಡ ಕೋಣೆ. ಮೇಜಿನ ಆಚೆ ತಹಸೀಲ್ದಾರ್ ಸಾಹೇಬರು, ಪಕ್ಕದಲ್ಲಿ ಫೈಲಿನೊಂದಿಗೆ ಕೊಟ್ರೇಶ್, ಒಂದು ಸಾಲಿನಲ್ಲಿ ಕಂಪನಿಯ ಮ್ಯಾನೇಜರು, ಇನ್ನೊಂದರಲ್ಲಿ ಅಪಾರ್ಟ್‌ಮೆಂಟಿನವರು. ಊರವರಿಗೆ ಕುರ್ಚಿ ಸಾಲದೆ ಗೋಡೆಗೆ ನಿಂತರು. ಸೌಮ್ಯಾ ತನ್ನವರ ಸಾಲು ಬಿಟ್ಟು ಗೋಡೆಯ ಹತ್ತಿರ ಬಂದು ನಿಂತಳು. ಅವಳ ಫೋಟೋಗಳನ್ನು ಸಾಹೇಬರು ಇಸ್ಪೀಟು ಎಲೆಯ ಹಾಗೆ ಸರಿಸಿ ನೋಡಿ, “ಫೋಟೋ ಮಹಜರಿಗಿಂತ ದೊಡ್ಡದಲ್ಲಮ್ಮ” ಅಂದರು.

ಆಮೇಲೆ ಒಂದು ಬಣ್ಣದ ನಕ್ಷೆ ಬಿಡಿಸಿದರು. ಎಲ್ಲರಿಗೂ ನ್ಯಾಯ ಆಗಬೇಕು ಅಂತ ಶುರುಮಾಡಿದರು. ಕೈಗಾರಿಕೆಗೆ ವಿದ್ಯುತ್ ಬೇಕು, ಅದಕ್ಕೆ ದಿಣ್ಣೆಯ ಹತ್ತು ಎಕರೆ. ನಾಗರಿಕರಿಗೆ ವಾಕಿಂಗ್ ಬೇಕು, ಅದಕ್ಕೆ ದಿಣ್ಣೆಯ ನಾಲ್ಕು ಎಕರೆ ಮತ್ತು ಕೆರೆಯಂಗಳ. ವನ್ಯಜೀವಿಗಳಿಗೆ ಪಾರ್ಕಿನೊಳಗೆ ಒಂದು ಮೂಲೆ, ಅಲ್ಲೊಂದು ಫಲಕ. ದನಕರುಗಳನ್ನೂ ನಾವು ಮರೆತಿಲ್ಲ ಅಂತ ನಕ್ಷೆಯ ಹಸಿರು ಭಾಗದ ಮೇಲೆ ಬೆರಳಿಟ್ಟರು.

ಮುನಿಯಣ್ಣ ಬಗ್ಗಿ ನೋಡಿದ. “ಅದು ಬಂಡೆ ಅಲ್ವಾ ಸಾಮಿ? ಕಲ್ಲು ಒಡ್ದಿರೋ ಅಳ್ಳ?”

“ನಕ್ಷೆಯಲ್ಲಿ ಗೋಮಾಳ ಅಂತಾನೇ ಇದೆ.”

“ಹಸಿರು ಬಣ್ಣ ಬಳ್ದುಬಿಟ್ರೆ ಬಂಡೆ ಮೇಲೆ ಉಲ್ಲು ಉಟ್ಟೀತಾ?” ಅಂದಳು ಈಶ್ವರಮ್ಮ. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು.

“ನೀವೇ ಈಶ್ವರಮ್ಮನಾ?” ಸಾಹೇಬರು ಫೈಲು ತೆರೆದು ಅವಳ ಕಡೆ ತಿರುಗಿಸಿದರು. “ಇದು ನಿಮ್ಮ ಸಹಿ ತಾನೆ? ಖಾಲಿ ಅಂತ ನೀವೇ ಹೇಳಿ, ಗಡಿ ನೀವೇ ತೋರಿಸಿ, ಈಗ ಬಂದು ಕೂಗಾಡಿದರೆ ಹೇಗಮ್ಮ? ಯಾರೋ ಹೇಳಿಕೊಟ್ಟಿದ್ದಾರೆ ನಿಮಗೆ.”

ಯಾರೋ ಹೇಳಿಕೊಟ್ಟಿದ್ದಾರೆ! ಅದೇ ಅವಳ ತಲೆಗೆ ಏರಿದ್ದು. ಹೇಳಿಕೊಡದೆ ಹೇಳಿದ್ದನ್ನು ಇವರು ಬರೆಯಲಿಲ್ಲ, ಈಗ ಹೇಳಿದರೆ ಯಾರದ್ದೋ ಮಾತು. ಅವಳು ಮೇಜಿನ ಹತ್ತಿರ ಹೋದಳು. ಕಾಗದದ ಮೇಲೆ ಅವಳ ರುಜು ಇತ್ತು, ಅದರ ಮೇಲೆ ಎರಡು ಬೆರಳಷ್ಟು ಖಾಲಿ ಜಾಗ. ಅಷ್ಟು ಜಾಗ ಇತ್ತು! ಕೊಟ್ರೇಶ ಇಲ್ಲ ಅಂದಿದ್ದ ಜಾಗ. ಸಾಹೇಬರ ಮುಂದಿದ್ದ ಪೆನ್ನನ್ನು ಎತ್ತಿಕೊಂಡು, ಯಾರಿಗೂ ಏನು ನಡೆಯುತ್ತಿದೆ ಅಂತ ತಿಳಿಯುವುದರೊಳಗೆ, ಬಗ್ಗಿ ಬರೆಯತೊಡಗಿದಳು. ಅವಳ ಬರವಣಿಗೆ ಬೇಗ ಆಗುವಂಥದ್ದಲ್ಲ. ಒಂದೊಂದು ಅಕ್ಷರಕ್ಕೂ ಕೈ ಎತ್ತಬೇಕು. ಆದರೂ ಮೇಜಿನ ಸುತ್ತಲಿದ್ದವರು ಅವಳೇನೋ ಓದುತ್ತಿದ್ದಾಳೆ ಅಂದುಕೊಂಡರೋ ಏನೋ, ಮೊದಲ ಎರಡು ಪದ ಆಗುವವರೆಗೆ ಯಾರೂ ತಡೆಯಲಿಲ್ಲ.

‘ದೀಪಾವಳಿಗೆ ದನ ಬಿಡ್ತೀ’ ಅನ್ನುವಷ್ಟರಲ್ಲಿ ಕೊಟ್ರೇಶ ಫೈಲು ಕಿತ್ತುಕೊಂಡ. ಪೆನ್ನಿನ ಗೆರೆ ಕಾಗದದ ಅಂಚಿನವರೆಗೆ ಎಳೆಯಿತು.

“ಏನಮ್ಮಾ ಇದು! ಸರ್ಕಾರಿ ದಾಖಲೆ! ಒಳಗೆ ಹಾಕಿಸ್ತೀನಿ ಗೊತ್ತಾ?” ಸಾಹೇಬರು ಎದ್ದೇ ನಿಂತರು.

“ಆಕ್ಸಿ. ನಾನು ಏಳಿದ್ದು, ನಾನೇ ಬರ್ದೆ. ನನ್ನ ಎಸರಿನ ಮೇಲೆ ಬರ್ದೆ, ನಿಮ್ಮ ಎಸರಿನ ಮೇಲೆ ಬರೀಲಿಲ್ಲ.”

ಗದ್ದಲ ಎದ್ದಿತು. ಗೋಡೆಗೆ ನಿಂತಿದ್ದ ಮುರಿಗೆಪ್ಪ, ನಲವತ್ತು ವರ್ಷ ಅದೇ ಕಚೇರಿಯ ಮುಂದೆ ಅರ್ಜಿ ಬರೆದವನು, ಗಂಟಲು ಸರಿಮಾಡಿಕೊಂಡು ವಿನಯವಾಗಿ ಹೇಳಿದ: “ಸಾರ್, ಮಹಜರು ತಿದ್ದಿದೆ. ಇನ್ನು ಅದರ ಮೇಲೆ ಆದೇಶ ಮಾಡೋಕಾಗಲ್ಲ, ಮೇಲಿನವರು ಕೇಳ್ತಾರೆ. ಹೊಸ ಮಹಜರೇ ಆಗ್ಬೇಕು.” ಸಾಹೇಬರು ಅವನನ್ನು ಸುಡುವ ಹಾಗೆ ನೋಡಿದರು. ಆದರೆ ಮಾತು ನಿಜವಿತ್ತು. ಹೊಸ ಮಹಜರಿಗೆ ಬರೆದರು. ಅದೇ ಪೆನ್ನಿನಲ್ಲಿ ಈಶ್ವರಮ್ಮನ ಮೇಲೆ ಪೊಲೀಸರಿಗೂ ಬರೆದರು.

ಊರಿನಲ್ಲಿ ಅವಳನ್ನು ಮೆರೆಸಲು ಹೊರಟರು. ಎಂಥ ಉಪಾಯ ಮಾಡಿದೆ ಅಂತ ಡೈರಿಯ ಹೆಂಗಸರು ಬೆನ್ನು ತಟ್ಟಿದರು. “ಉಪಾಯ ಗಿಪಾಯ ಮಾಡಾಕೆ ನಂಗೆ ಬರಾಕಿಲ್ಲ, ಸಿಟ್ಟು ಬಂತು ಬರ್ದೆ” ಅಂದು ಕ್ಯಾನು ಇಟ್ಟು ಹೋದಳು. ನಿನ್ನೆ ರುಜು ಈಶ್ವರಮ್ಮ ಅಂದ ಬಾಯಿಗಳ ಹೊಗಳಿಕೆ ಅವಳಿಗೆ ರುಚಿಸಲಿಲ್ಲ.

ನಿಜವಾದ ಜಗಳ ಆಮೇಲೆ ಬಂತು, ಊರಿನೊಳಗೇ. ಆಷಾಢ ಹತ್ತಿರವಾಯಿತು. ಹೊಸ ಮಹಜರು ಮಾಡುವವರು ಯಾವಾಗ ಬರುತ್ತಾರೋ ತಿಳಿಯದು. ಅರಳಿಕಟ್ಟೆಯಲ್ಲಿ ಊರು ಸೇರಿದಾಗ ಮುನಿಯಣ್ಣನೇ ಹೇಳಿದ: “ಈ ವರ್ಷ ಕಟ್ಟೋದು ಬ್ಯಾಡ. ದನ ಬುಟ್ಬುಡಾನ. ಬಂದೋರು ಕಣ್ತುಂಬ ನೋಡ್ಲಿ, ಸಗಣೀನೂ ನೋಡ್ಲಿ.”

ಎಲ್ಲರೂ ತಲೆಯಾಡಿಸಿದರು. ಬುದ್ಧಿವಂತಿಕೆಯ ಮಾತೇ. ಈಶ್ವರಮ್ಮ ಎದ್ದಳು.

“ಮಾವ, ನೀನು ಇಂಗಂತೀಯಾ? ಈಗ ಗೌಜಲಕ್ಕಿ ಮೊಟ್ಟೆ ಮೇಲೆ ಕೂತವೆ. ಉಲ್ಲು ಇನ್ನೂ ಬೆರಳುದ್ದ. ಈಗ ಬುಟ್ರೆ ಕಾರ್ತೀಕಕ್ಕೆ ಏನು ಮೇಯ್ಸ್ತೀಯಾ? ಅವರಿಗೆ ತೋರ್ಸಾಕೆ ದಿಣ್ಣೆ ಕೆಡಿಸ್ಬುಟ್ರೆ, ಅವರು ಗೆದ್ದಂಗೇ ತಾನೆ?”

“ಕಟ್ಟುದ್ರೆ ಮತ್ತೆ ಖಾಲಿ ಅಂತ ಬರೀತಾರೆ ಕಣವ್ವ!”

“ಬರೀಲಿ. ಈ ಸಲ ನಾನು ಓದಿಸ್ಕೊಳ್ದೆ ರುಜು ಆಕಾಕಿಲ್ಲ. ಸರದಿ ಯಾರ್ದಾದ್ರೂ ಸರಿ, ಕಾಯೋಕೆ ನಾನೇ ಕೂತ್ಕೋತೀನಿ.”

ಅರ್ಧ ದಿನ ಕೂಗಾಡಿದರು. ಕೊನೆಗೆ ಸೋಮವಾರ ಮುನಿಯಣ್ಣ ಸುಣ್ಣದ ತಪ್ಪಲೆ ಹಿಡಿದು ಬಂದ, ಯಾರ ಮುಖವನ್ನೂ ನೋಡದೆ ಒಂಬತ್ತು ಕಲ್ಲಿಗೂ ಬಳಿದ.

ಕಂಪನಿಯವರಿಗೂ ಪಂಚಾಂಗ ಗೊತ್ತಿತ್ತು ಅಂತ ಕಾಣುತ್ತದೆ. ಕಚೇರಿಯಲ್ಲಿ ಹೇಳಿ ಕೊಟ್ರೇಶನನ್ನು ಕಳಿಸಿದ್ದು ಭಾದ್ರಪದದಲ್ಲೇ. ಹುಲ್ಲು ತೆನೆ ಬಿಟ್ಟು ಬೆಳ್ಳಗೆ ಆಡುತ್ತಿತ್ತು, ಒಂದು ದನ ಇಲ್ಲ. ಅವನ ಹಿಂದೆ ಮ್ಯಾನೇಜರು, ಮುಖದಲ್ಲಿ ನಗು. ಈಶ್ವರಮ್ಮ ಕಲ್ಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಮುರಿಗೆಪ್ಪ, ಸೌಮ್ಯಾ, ಹಿಂದೆ ಊರು.

“ಕೂತ್ಕೋ. ಮೊದಲು ಬರ್ಕೋ, ಆಮೇಲೆ ಅಳಿ.”

“ನಮೂನೆ ಅದಾ ಐತಮ್ಮ...”

“ಮುಂದೆ ಜಾಗ ಇಲ್ದಿದ್ರೆ ಇಂದೆ ಬರಿ. ಇಂದೆನೂ ಸಾಲ್ದಿದ್ರೆ ಮುರಿಗೆಪ್ಪನ ತಾವ ಹಾಳೆ ಐತೆ.”

ಅವಳು ಹೇಳುತ್ತಾ ಹೋದಳು. ಯಾವತ್ತು ಕಟ್ಟುವುದು, ಯಾಕೆ, ಯಾವತ್ತು ಬಿಚ್ಚುವುದು, ಎಷ್ಟು ದನ, ಎಷ್ಟು ಕುರಿ, ಬಿಟ್ಟ ಮೇಲೆ ಎಷ್ಟು ತಿಂಗಳು, ಹಿಂದಿನ ವರ್ಷ ಯಾರು ಕಾದರು, ಅದರ ಹಿಂದಿನ ವರ್ಷ ಯಾರು. ಒಂದೊಂದು ವಾಕ್ಯ ಮುಗಿದಾಗಲೂ ಸೌಮ್ಯಾ ಗಟ್ಟಿಯಾಗಿ ಓದಬೇಕು, ಊರೆಲ್ಲ ಹೂಂ ಅನ್ನಬೇಕು. ಎರಡು ಕಡೆ ಮ್ಯಾನೇಜರು ಇದೆಲ್ಲ ಬೇಕಾಗಿಲ್ಲ ಅಂದ. “ನಿಂಗೆ ಬ್ಯಾಡ, ನಂಗೆ ಬೇಕು” ಅಂದಳು. ಅವತ್ತು ಕೊಟ್ರೇಶನ ಕೈ ಸೋತುಹೋಯಿತು. ಒಂದು ಮಾತು ಹೇಳಬೇಕು: ಅವನು ಈ ಸಲ ಒಂದಕ್ಷರ ಬಿಡಲಿಲ್ಲ. ಸಂಜೆಯಾಗುವಾಗ ಕೊನೆಯಲ್ಲಿ ಅವನೇ ಕೇಳಿದ, “ರಸ್ತೆ ಕಡೆ ಮಣ್ಣು ಸುರಿದಿರೋ ನಾಲ್ಕು ಎಕರೆ ಐತಲ್ಲಮ್ಮ, ಅಲ್ಲಿ ಏನರೆ ಬೆಳಿತೈತೇನು?”

“ಅಲ್ಲೇನು ಬೆಳೀತದೆ? ಅಲ್ಲಿ ಅಂದಿ ಒರಳ್ತವೆ. ಕರೆಂಟಿನ ಮನೆ ಕಟ್ಟೋದಾದ್ರೆ ಅಲ್ಲಿ ಕಟ್ಲಿ, ನಾವೇನು ಕತ್ಲೇಲಿ ಇರ್ತೀವಿ ಅಂದ್ವಾ? ನನ್ನ ಮನೇಲೂ ಬಲ್ಬು ಐತೆ. ಮೊದ್ಲೇ ಕೇಳಿದ್ರೆ ಮೊದ್ಲೇ ತೋರಿಸ್ತಿದ್ದೆ. ಕೇಳಿದ್ಯಾ ನೀನು?”

ಅವನು ಅದನ್ನೂ ಬರೆದುಕೊಂಡ. ಏಳು ಪುಟ ಆಯಿತು. ಪ್ರತಿ ಪುಟಕ್ಕೂ ಅವಳು ರುಜು ಹಾಕಿದಳು, ಖಾಲಿ ಇದ್ದ ಕಡೆಯೆಲ್ಲ ಅಡ್ಡಗೆರೆ ಎಳೆದಳು.

ಸಬ್‌ಸ್ಟೇಷನ್ ಆ ಮಣ್ಣು ಸುರಿದ ಮೂಲೆಯಲ್ಲೇ ಆಯಿತು. ಆ ಏಳು ಪುಟದ ಮೇಲೆ ದಿಣ್ಣೆ ಖಾಲಿ ಅಂತ ಆದೇಶ ಮಾಡಲು ಸಾಹೇಬರಿಗೆ ಆಗಲಿಲ್ಲ; ಹತ್ತು ಎಕರೆ ಕೇಳಿದ್ದ ಕಂಪನಿಗೆ ನಾಲ್ಕೇ ಸಾಕಾಯಿತು. ಅಪಾರ್ಟ್‌ಮೆಂಟಿನವರಿಗೆ ಕೆರೆ ಏರಿಯ ಮೇಲೆ ನಡೆಯುವ ಹಾದಿ ಸಿಕ್ಕಿತು. ದಿಣ್ಣೆ ಕಾಗದದಲ್ಲಿ ಗೋಮಾಳವಾಗಿಯೇ ಉಳಿಯಿತು. ಇಷ್ಟು ಸುಲಭದ ದಾರಿ ಮೊದಲ ದಿನವೇ ಇತ್ತು. ಅದನ್ನು ಕಾಣಲು ಹದಿನಾಲ್ಕು ತಿಂಗಳು ಬೇಕಾಯಿತು, ಯಾಕೆಂದರೆ ಅಲ್ಲಿ ಬದುಕುವವರನ್ನು ಪೂರ್ತಿ ಕೇಳುವ ತಾಳ್ಮೆ ಒಬ್ಬರಿಗೂ ಇರಲಿಲ್ಲ.

ಪೊಲೀಸರ ಕೇಸು ಮಾತ್ರ ಉಳಿಯಿತು. ಅರ್ಧ ಬರೆದವರ ಮೇಲೆ ಯಾರೂ ಕೇಸು ಹಾಕಲಿಲ್ಲ, ಅದಕ್ಕೆ ಕಾಯಿದೆಯಲ್ಲಿ ಹೆಸರೇ ಇಲ್ಲವಂತೆ. ಉಳಿದರ್ಧ ಬರೆಯಲು ಹೋದವಳು ಎರಡು ವರ್ಷ ಕೋರ್ಟಿಗೆ ಅಲೆದಳು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಅವತ್ತೇ ಮುಗಿಸುತ್ತೇವೆ ಅಂತ ವಕೀಲರು ಹೇಳಿದರು. ಮುನಿಯಣ್ಣನೂ ಬೇಡಿಕೊಂಡ.

ಒಂದು ದಿನ ನ್ಯಾಯಾಧೀಶರು ನೇರವಾಗಿ ಕೇಳಿದರು, “ಏನಮ್ಮ, ತಪ್ಪು ಒಪ್ಪಿಕೊಳ್ತೀರಾ?”

“ಬರೆದದ್ದು ಒಪ್ಕೋತೀನಿ ಸಾಮಿ. ತಪ್ಪು ಅಂತ ಒಪ್ಪಾಕಿಲ್ಲ. ಅವರು ಯಾಕೆ ಬರೀಲಿಲ್ಲ ಅಂತ ಕೇಳಿ ಮೊದ್ಲು.”

ನ್ಯಾಯಾಧೀಶರು ಫೈಲಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು, ಮುಂದಿನ ತಾರೀಖು ಕೊಟ್ಟರು. ಈಶ್ವರಮ್ಮ ಆ ತಾರೀಖಿನ ಚೀಟಿಯನ್ನು ಸೌಮ್ಯಾಳ ಕೈಯಲ್ಲಿ ಎರಡು ಸಲ ಓದಿಸಿಕೊಂಡು, ಹಾಲು ಕರೆಯುವ ಹೊತ್ತಾಯಿತೆಂದು ಬಸ್ಸಿಗೆ ಓಡಿದಳು.